ನೋವಿಲ್ಲದ ಗಾಯ ಯಾಕೆ ಮಾಯುವುದಿಲ್ಲ?

ಪ್ರಶ್ನೆ: ತಂದೆಗೆ 58 ವರ್ಷ, 12 ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಗಾಯವಾಗಿ ನಾಲ್ಕು ತಿಂಗಳಾಯಿತು. ದಿನಾ ಡ್ರೆಸ್ಸಿಂಗ್ ಮಾಡಿಸುತ್ತೇವೆ, ಶುಗರ್ ಹತೋಟಿಯಲ್ಲಿದೆ. ನೋವು ಒಂಚೂರೂ ಇಲ್ಲ, ಶೇಂಗಾ ಹೊಲಕ್ಕೂ ಹೋಗಿಬರುತ್ತಾರೆ. ನರ ಸತ್ತರೆ ಗಾಯ ಮಾಯುವುದಿಲ್ಲ ಅನ್ನುತ್ತಾರಲ್ಲ, ನಿಜವೇ?
– ಓದುಗರು, ಚಳ್ಳಕೆರೆ

ಉತ್ತರ: ಸ್ವಲ್ಪಮಟ್ಟಿಗೆ ನಿಜ. ಚರ್ಮದೊಳಗಿನ ನರದ ತುದಿಗಳು ಗಾಯವಾದ ಕೂಡಲೇ ಸಬ್‌ಸ್ಟೆನ್ಸ್-ಪಿ, ಸಿಜಿಆರ್‌ಪಿ ಎಂಬ ರಾಸಾಯನಿಕಗಳನ್ನು ಅಲ್ಲೇ ಬಿಡುತ್ತವೆ. ಅದರಿಂದ ಸಣ್ಣ ರಕ್ತನಾಳ ಹಿಗ್ಗುತ್ತದೆ, ಬಿಳಿ ರಕ್ತಕಣ ಬಂದು ಸೇರುತ್ತವೆ, ಅಂಚಿನ ಚರ್ಮ ಬೆಳೆಯತೊಡಗುತ್ತದೆ. ನರ ಸೊರಗಿದ ಪಾದದಲ್ಲಿ ಇದೆಲ್ಲ ನಿಧಾನ. ಬೆವರು ತರಿಸುವ ನರವೂ ಕೆಟ್ಟು ಚರ್ಮ ಒಣಗಿ ಬಿರಿಯುತ್ತದೆ.

ಆದರೂ ನಿಮ್ಮ ತಂದೆಯ ಗಾಯವನ್ನು ಹೆಚ್ಚು ಕಾಡುತ್ತಿರುವುದು ನಡಿಗೆಯೇ ಇರಬೇಕು. ನೋವಿದ್ದವರು ಕುಂಟಿಯಾದರೂ ಆ ಜಾಗ ಉಳಿಸಿಕೊಳ್ಳುತ್ತಾರೆ. ಜೋಮು ಹಿಡಿದ ಕಾಲಿನವರು ಗಾಯದ ಮೇಲೇ ತುಳಿಯುತ್ತಾರೆ. ಗಾಯದ ಸುತ್ತ ಹಳದಿ ದಡ್ಡು ಉಂಗುರದಂತೆ ಎದ್ದಿದೆಯೇ ನೋಡಿ. ಅದು ತುಳಿತದ ಗುರುತು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಇಂಥದೇ ಅಂಗಾಲು ಹುಣ್ಣಿಗೆ ಪ್ಲಾಸ್ಟರ್ ಹಾಕಿ, ಭಾರ ತಪ್ಪಿಸಿ ವಾಸಿಮಾಡಿದ್ದರು.

ಮೊದಲು ಪರೀಕ್ಷೆ. 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅದು ಬಾಗುವಷ್ಟು ಮಾತ್ರ ಅಂಗಾಲಿಗೆ ಒತ್ತುತ್ತಾರೆ. ಗೊತ್ತಾಗದಿದ್ದರೆ ಕಾಪಾಡುವಷ್ಟು ಸ್ಪರ್ಶ ಉಳಿದಿಲ್ಲ ಎಂದರ್ಥ. ಪಾದದ ನಾಡಿಯನ್ನೂ ನೋಡಿಸಲೇಬೇಕು. ನಾಲ್ಕು ತಿಂಗಳಾಗಿರುವುದರಿಂದ ಎಕ್ಸ್‌ರೇ ತಪ್ಪಿಸಬೇಡಿ, ಸೋಂಕು ಮೂಳೆಗೆ ಇಳಿದಿರಬಹುದು. ರಕ್ತ ಚೆನ್ನಾಗಿ ಹರಿಯುತ್ತಿದ್ದು ಸೋಂಕಿಲ್ಲದಿದ್ದರೆ, ಸರ್ಜನ್ ದಡ್ಡು ಕೆತ್ತಿ ತೆಗೆದು ಪಾದಕ್ಕೆ ಅಂಟಿಕೊಂಡಂತೆ ಪ್ಲಾಸ್ಟರ್ ಹಾಕುತ್ತಾರೆ. ಅದನ್ನು ಆಗಾಗ ಬಿಚ್ಚಿ ನೋಡಬೇಕು. ಒಂದೆರಡು ತಿಂಗಳಲ್ಲಿ ಹೆಚ್ಚಿನವು ಕೂಡಿಕೊಳ್ಳುತ್ತವೆ.

ಅಲ್ಲಿಯವರೆಗೆ ಹೊಲ ಬೇಡ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆಯಿರಿ. ಬಿಸಿನೀರಲ್ಲಿ ಕಾಲಿಡಿಸಬೇಡಿ, ಸುಟ್ಟರೂ ಅವರಿಗೆ ತಿಳಿಯದು. ಅರಿಶಿನ, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಬೇಡ. ಪಾದ ಊದಿ ಬಿಸಿಯಾದರೆ, ವಾಸನೆ ಬಂದರೆ ಅಥವಾ ಜ್ವರವಿದ್ದರೆ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾಯ್ದ ಮೇಲೂ ನರ ಮೊದಲಿನಂತಾಗದು. ಹವಾಯಿ ಚಪ್ಪಲಿ ಬಿಟ್ಟು, ಹಿಂದೆ ಪಟ್ಟಿಯಿರುವ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ ಹಾಕಿಸಿ. ಬಳ್ಳಾರಿ ಜಾಲಿಯ ಮುಳ್ಳು ಅಟ್ಟೆಯಲ್ಲಿ ಮುರಿದು ಕೂತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ರಾತ್ರಿ ಚಪ್ಪಲಿಯನ್ನೂ ಅಂಗಾಲನ್ನೂ ನೀವೇ ಕೈಯಾಡಿಸಿ ನೋಡಿ.