ಬ್ರಿಟನ್ನಿನಲ್ಲಿ ಗೊಣಗುವ ಹಕ್ಕು ನಿಮಗೂ ಇದೆ

ಕವೆಂಟ್ರಿಗೆ ಬಂದು ಇನ್ನೂ ವರ್ಷ ತುಂಬದ ನಿಮ್ಮ ಪತ್ರ ಓದಿದೆ. ಕಚೇರಿಯಲ್ಲಿ ಚಹಾದ ಬಿಡುವು ಸಿಕ್ಕರೆ ಸಾಕು, ಸಹೋದ್ಯೋಗಿಗಳು ಸರ್ಕಾರ ಕೆಟ್ಟಿತು, ಕೋರ್ಟು ಕೆಟ್ಟಿತು, ಕ್ರಿಕೆಟ್ಟೂ ಕೆಟ್ಟಿತು ಎಂದು ಶುರುಮಾಡುತ್ತಾರೆ. ಇದು ನಿಜವೋ ಬರೀ ಚಟವೋ, ವೀಸಾದ ಮೇಲೆ ಬಂದ ನಾವು ಇದರಲ್ಲಿ ಬಾಯಿ ಹಾಕಬಹುದೋ ಎಂದು ಕೇಳಿದ್ದೀರಿ. ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಬಾಡಿಗೆಗೆ ಎಷ್ಟು ಮುಂಗಡ ಕೇಳುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರಿಸಿ ಬೇಸತ್ತಿದ್ದ ನನಗೆ ನಿಮ್ಮ ಪತ್ರ ಹಬ್ಬದೂಟದಂತೆ ಬಂತು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎರಡನೆಯ ಪ್ರಶ್ನೆ. ಧಾರಾಳವಾಗಿ ಬಾಯಿ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಹಿಡಿದು ಇಲ್ಲಿ ಕಾನೂನುಬದ್ಧವಾಗಿ ವಾಸಿಸುವವರು ಕಾಮನ್‌ವೆಲ್ತ್ ಪ್ರಜೆಗಳು. ಹದಿನೆಂಟು ದಾಟಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಇಪ್ಪತ್ತು ವರ್ಷದಿಂದ ಇಲ್ಲೇ ಬ್ರೆಡ್ ಸುಡುತ್ತಿರುವ ಫ್ರೆಂಚ್ ಪ್ರಜೆಗೆ ಆ ಹಕ್ಕಿಲ್ಲ, ಕಳೆದ ತಿಂಗಳು ವಿಮಾನ ಇಳಿದ ದಾವಣಗೆರೆಯ ವಿದ್ಯಾರ್ಥಿಗೆ ಇದೆ. ಸಾಮ್ರಾಜ್ಯ ಹೋದರೂ ಅದರ ಇಂಥ ಒಂದೆರಡು ಬಾಕಿಗಳು ನಮ್ಮ ಖಾತೆಗೆ ಜಮೆಯಾಗಿವೆ. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತೇ ಇಲ್ಲ. ಪ್ರತಿ ವರ್ಷದ ವೀಸಾಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್ ಮುಂಗಡವಾಗಿ ಕಟ್ಟಿ, ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಬೇರೆ ಕಟ್ಟಿ, ಆಮೇಲೆ ‘ನಮಗೇಕೆ ಇವರ ರಾಜಕೀಯ’ ಎಂದು ಕೂರುತ್ತಾರೆ. ಅಷ್ಟು ಹಣ ಕಟ್ಟಿದವನು ಗೊಣಗದಿದ್ದರೆ ನಷ್ಟ ಅವನಿಗೇ.

ಇನ್ನು ಇವರ ರಾಜಕೀಯ. 2016ರ ಜುಲೈಯಲ್ಲಿ ಡೇವಿಡ್ ಕ್ಯಾಮರೂನ್ ಹೋದ ಮೇಲೆ ಎಂಟು ವರ್ಷಗಳಲ್ಲಿ ಈ ದೇಶ ಐದು ಹೊಸ ಪ್ರಧಾನಿಗಳನ್ನು ಕಂಡಿತು. 2022 ಒಂದೇ ವರ್ಷದಲ್ಲಿ ಮೂವರು ಆ ಕುರ್ಚಿಯಲ್ಲಿ ಕುಳಿತರು. ಲಿಜ್ ಟ್ರಸ್ 49 ದಿನವಷ್ಟೇ ಇದ್ದರು. ಆಕೆ ಮೊದಲು ಹೋಗುತ್ತಾರೋ, ಅಂಗಡಿಯಿಂದ ತಂದ ಲೆಟಿಸ್ ಸೊಪ್ಪು ಮೊದಲು ಬಾಡುತ್ತದೋ ಎಂದು ಒಂದು ಪತ್ರಿಕೆ ನೇರಪ್ರಸಾರವನ್ನೇ ಇಟ್ಟಿತು, ಸೊಪ್ಪು ಗೆದ್ದಿತು. ರೆಸಾರ್ಟ್ ರಾಜಕಾರಣ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದರೆ ಇಲ್ಲಿನವರಿಗೆ ತಮ್ಮ ಸಂಸತ್ತು ಜಗತ್ತಿಗೇ ಮಾದರಿ ಎಂಬ ನಂಬಿಕೆಯಿತ್ತು. ಅದು ಮುರಿದ ಸಂಕಟ ಅವರ ಗೊಣಗಾಟದ ಅರ್ಧ ಭಾಗ.

ಉಳಿದರ್ಧಕ್ಕೆ ಲೆಕ್ಕದ ಆಧಾರವಿದೆ. 2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಬಿದ್ದದ್ದು ಶೇ 34ರಷ್ಟು ಮತ, ಸಿಕ್ಕಿದ್ದು ಶೇ 63ರಷ್ಟು ಸ್ಥಾನ. ಶೇ 14ರಷ್ಟು ಮತ ಪಡೆದ ರಿಫಾರ್ಮ್ ಪಕ್ಷಕ್ಕೆ ಐದೇ ಸ್ಥಾನ. ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ರಿಫಾರ್ಮ್ ಪಕ್ಷದ ಮಾತು ನನಗೆ ಸೇರುವುದಿಲ್ಲ, ಅವರ ದೃಷ್ಟಿಯಲ್ಲಿ ನಾನೂ ನೀವೂ ಒಂದು ಸಮಸ್ಯೆ. ಆದರೂ ಈ ಲೆಕ್ಕ ನೋಡಿದಾಗ ಅವರ ಮತದಾರರ ಸಿಟ್ಟು ನ್ಯಾಯವೇ ಅನ್ನಿಸುತ್ತದೆ. ಕಚೇರಿಯಲ್ಲಿ ಯಾರಾದರೂ ‘ನನ್ನ ಮತಕ್ಕೆ ಬೆಲೆಯೇ ಇಲ್ಲ’ ಅಂದರೆ ನಗಬೇಡಿ.

ಮುಂದೊಂದು ದಿನ ನಿಮ್ಮನ್ನು ಖಂಡಿತ ಕೇಳುತ್ತಾರೆ: ‘ನಿಮ್ಮ ಕಡೆಯ ಸುನಕ್ ಬಗ್ಗೆ ಏನನ್ನುತ್ತೀರಿ?’ 2022ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅಳಿಯ ಪ್ರಧಾನಿಯಾದ ಎಂದು ನಾವೆಲ್ಲ ಸಿಹಿ ಹಂಚಿದ್ದು ನಿಜ. ಇಲ್ಲಿನವರ ನೆನಪಿನಲ್ಲಿ ಉಳಿದಿರುವುದು ಬೇರೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ಅವರು ಹಣಕಾಸು ಮಂತ್ರಿಯಾಗಿದ್ದಾಗ, ಪತ್ನಿ ಅಕ್ಷತಾ ಮೂರ್ತಿಯವರ ವಿದೇಶಿ ಆದಾಯಕ್ಕೆ ಇಲ್ಲಿ ತೆರಿಗೆ ಬೀಳುತ್ತಿರಲಿಲ್ಲ ಎಂಬ ಸುದ್ದಿ ಬಂತು. ಅದು ಕಾನೂನಿನ ಒಳಗೇ ಇತ್ತು, ಗದ್ದಲವಾದ ಮೇಲೆ ಅವರು ಇಲ್ಲೇ ತೆರಿಗೆ ಕಟ್ಟುವುದಾಗಿ ಹೇಳಿದರು, ಆ ವಿನಾಯಿತಿಯ ಪದ್ಧತಿಯೇ 2025ರಲ್ಲಿ ರದ್ದಾಯಿತು. ಇನ್ನೊಂದು ಸಂಗತಿಯನ್ನು ಮ್ಯಾಂಚೆಸ್ಟರಿನವರು ಸಾಯುವವರೆಗೂ ಮರೆಯಲಾರರು. ಆ ಊರಿಗೆ ಬರಬೇಕಿದ್ದ ಅತಿವೇಗದ ರೈಲು ಮಾರ್ಗವನ್ನು 2023ರ ಅಕ್ಟೋಬರಿನಲ್ಲಿ ಸುನಕ್ ರದ್ದುಮಾಡಿದರು. ಘೋಷಿಸಿದ್ದು ಆ ಊರಿನಲ್ಲೇ, ಹಳೆಯ ರೈಲು ನಿಲ್ದಾಣವನ್ನು ಸಭಾಂಗಣವಾಗಿ ಮಾರ್ಪಡಿಸಿದ ಕಟ್ಟಡದ ವೇದಿಕೆಯ ಮೇಲೆ ನಿಂತು.

ಒಂದು ವಿಷಯದಲ್ಲಿ ಮಾತ್ರ ಇವರನ್ನು ಮೆಚ್ಚಬೇಕು. ಎಣಿಕೆಯ ರಾತ್ರಿ ಪ್ರಧಾನಿಯೂ ತನ್ನ ಕ್ಷೇತ್ರದ ಕ್ರೀಡಾಂಗಣದಲ್ಲಿ ಉಳಿದ ಅಭ್ಯರ್ಥಿಗಳ ಸಾಲಿನಲ್ಲಿ ನಿಂತು ಫಲಿತಾಂಶ ಕೇಳಬೇಕು. 2024ರಲ್ಲಿ ಸುನಕ್ ವಿರುದ್ಧ ನಿಂತವರಲ್ಲಿ ತಲೆಗೆ ಕಸದ ಡಬ್ಬಿ ಹಾಕಿಕೊಂಡ ‘ಕೌಂಟ್ ಬಿನ್‌ಫೇಸ್’ ಎಂಬ ಹಾಸ್ಯಗಾರನೂ ಇದ್ದ. 308 ಮತ ಬಿದ್ದವು. ಅವನನ್ನು ಯಾರೂ ವೇದಿಕೆಯಿಂದ ತಳ್ಳಲಿಲ್ಲ. ನಮ್ಮಲ್ಲಾಗಿದ್ದರೆ ಪೊಲೀಸರು ಡಬ್ಬಿಯ ಸಮೇತ ಎತ್ತಿಕೊಂಡು ಹೋಗುತ್ತಿದ್ದರು.

ನ್ಯಾಯದ ಮಾತಿಗೆ ಬರುತ್ತೇನೆ. ನಿಮ್ಮ ಸಹೋದ್ಯೋಗಿಗಳ ದೂರುಗಳಲ್ಲಿ ನಾನು ಕಿವಿಗೊಟ್ಟು ಕೇಳುವುದು ಇದನ್ನೇ. ಊರಿನಲ್ಲಿ ನಮಗೆ ಗೊತ್ತಿದ್ದ ಅನ್ಯಾಯಕ್ಕೆ ಒಂದು ಮುಖವಿತ್ತು: ಮೇಜಿನ ಕೆಳಗೆ ಕೈ ಚಾಚುವ ಗುಮಾಸ್ತೆ, ಗದರುವ ಪೇದೆ. ಇಲ್ಲಿ ಅನ್ಯಾಯವೂ ಅಂಚೆಯಲ್ಲಿ ಬರುತ್ತದೆ. ಗೌರವದ ಸಂಬೋಧನೆ, ಉಲ್ಲೇಖ ಸಂಖ್ಯೆ, ಕೊನೆಯಲ್ಲಿ ವಂದನೆ, ನಡುವೆ ನೀವು ತಪ್ಪಿತಸ್ಥರೆಂಬ ಒಂದು ಸಾಲು. ಉತ್ತರಿಸಲು ಗಡುವು ಕೊಟ್ಟಿರುತ್ತಾರೆ, ಉತ್ತರಿಸದವನ ಕಥೆ ಅಲ್ಲಿಗೆ ಮುಗಿಯಿತು.

ಅಂಚೆ ಇಲಾಖೆಯ ಪ್ರಕರಣವನ್ನು ನೀವು ತಿಳಿದುಕೊಳ್ಳಲೇಬೇಕು. ಇಲ್ಲಿ ಮೂಲೆ ಮೂಲೆಯ ದಿನಸಿ ಅಂಗಡಿಗಳಲ್ಲಿ ಒಂದು ಅಂಚೆ ಕೌಂಟರ್ ಇರುತ್ತದೆ. ನಡೆಸುವವರಲ್ಲಿ ಭಾರತ ಮೂಲದವರು ಬಹಳ. 1999ರಿಂದ ಅವರ ಲೆಕ್ಕ ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಯಿತು. ದಿನದ ಕೊನೆಗೆ ಪರದೆಯ ಮೇಲೆ ಇಲ್ಲದ ಕೊರತೆ ಕಾಣಿಸತೊಡಗಿತು. ಸಾವಿರಾರು ಪೌಂಡ್ ಕೊರತೆಯನ್ನು ಮನೆ ಅಡವಿಟ್ಟು ತುಂಬಿದವರಿದ್ದಾರೆ, ತುಂಬಲಾಗದವರು ಕಳ್ಳರೆನಿಸಿಕೊಂಡರು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗಿತ್ತು. ಬಹುಪಾಲು ಮೊಕದ್ದಮೆಗಳನ್ನು ಹೂಡಿದ್ದು ಪೊಲೀಸರಲ್ಲ, ಸ್ವತಃ ಪೋಸ್ಟ್ ಆಫೀಸು. ದೂರು, ತನಿಖೆ, ಪ್ರಾಸಿಕ್ಯೂಷನ್ ಮೂರೂ ಅದರದೇ. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಕೋರ್ಟು ಮೊದಲೇ ಭಾವಿಸಿಕೊಳ್ಳುವ ನಿಯಮವಿತ್ತು, ತಪ್ಪೆಂದು ತೋರಿಸುವ ಹೊಣೆ ಅಂಗಡಿಯವನ ಮೇಲೆ. ನಮ್ಮ ನಿಮ್ಮಂತೆ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವರಿಗೆ ಈ ನಂಬಿಕೆ ಎಷ್ಟು ಹಾಸ್ಯಾಸ್ಪದ ಎಂದು ಬಿಡಿಸಿ ಹೇಳಬೇಕೇ?

ಸೀಮಾ ಮಿಶ್ರಾ ಎಂಬಾಕೆ 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಹೋದರು. ಶಿಕ್ಷೆಯಾದ ದಿನ ದೊಡ್ಡ ಮಗನ ಹತ್ತನೆಯ ಹುಟ್ಟುಹಬ್ಬ. ಹೆಸರಿನ ಮೇಲಿನ ಕಳಂಕ ತೊಡೆದದ್ದು 2021ರಲ್ಲಿ. ಆ ವ್ಯವಸ್ಥೆಯಲ್ಲಿ ದೋಷವಿತ್ತು ಎಂದು ಹೈಕೋರ್ಟ್ 2019ರಲ್ಲೇ ತೀರ್ಪು ಕೊಟ್ಟಿತ್ತು. ಇಂಥದೇ ಅಂಚೆ ಕೌಂಟರ್ ನಡೆಸುತ್ತಿದ್ದ ಅಲನ್ ಬೇಟ್ಸ್ ಜೊತೆ ಸೇರಿ ದಾವೆ ಹೂಡಿದ್ದ 555 ಮಂದಿಗೆ ಆಗ ಒಪ್ಪಿಕೊಂಡ ಪರಿಹಾರದ ಬಹುಭಾಗ ವಕೀಲಿ ಖರ್ಚಿಗೇ ಹೋಯಿತು. ಉಳಿದವರ ಶಿಕ್ಷೆ ರದ್ದುಮಾಡುವ ಕಾನೂನು ಬಂದದ್ದು 2024ರ ಮೇ ತಿಂಗಳಲ್ಲಿ, ಅದೂ ಜನವರಿಯಲ್ಲಿ ಟಿವಿಯಲ್ಲಿ ಈ ಕಥೆಯ ನಾಟಕ ನೋಡಿ ಇಡೀ ದೇಶ ಎದ್ದು ಕೂತ ಮೇಲೆ. ನ್ಯಾಯಾಲಯ ಹೇಳಿದರೆ ನಾಲ್ಕು ವರ್ಷ ಅಲುಗಾಡದ ಸರ್ಕಾರ ಟಿವಿ ನೋಡಿ ವಾರದಲ್ಲಿ ಮಾತು ಕೊಟ್ಟಿತು. ಇದಕ್ಕೂ ಗೊಣಗದಿದ್ದರೆ ಇನ್ನಾವುದಕ್ಕೆ?

ಇದರ ಪಕ್ಕದಲ್ಲಿಟ್ಟು ನೋಡಿ: ಕೋವಿಡ್ ನಿರ್ಬಂಧ ತಾನೇ ಹೇರಿ ತಾನೇ ಮುರಿದ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್‌ಗೆ ಪೊಲೀಸರು ಹಾಕಿದ ದಂಡ 50 ಪೌಂಡ್.

ನೀವು ಮಾಡಬೇಕಾದ್ದಿಷ್ಟು. ಬಂದ ಲಕೋಟೆಯನ್ನು ಆ ದಿನವೇ ಒಡೆಯಿರಿ, ಮೇಜಿನ ಮೇಲೆ ರಾಶಿ ಹಾಕಬೇಡಿ. ಮೊದಲು ಬರುವುದು ಟಿವಿ ಲೈಸೆನ್ಸಿನದು, ಅಂದರೆ ಟಿವಿ ನೋಡಲು ವರ್ಷಕ್ಕೊಮ್ಮೆ ಕಟ್ಟುವ ಶುಲ್ಕದ್ದು. 2025ರ ದರ 174.50 ಪೌಂಡ್. ನೇರಪ್ರಸಾರವನ್ನೂ ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರನ್ನೂ ನೋಡದಿದ್ದರೆ ಅದು ಬೇಕಿಲ್ಲ, ಹಾಗೆಂದು ತಿಳಿಸಿಬಿಡಿ. ಲೈಸೆನ್ಸ್ ಇಲ್ಲದೆ ನೋಡಿದರೆ ಅದು ಕ್ರಿಮಿನಲ್ ಅಪರಾಧ, ಒಬ್ಬರೇ ಮ್ಯಾಜಿಸ್ಟ್ರೇಟ್ ಬಾಗಿಲು ಮುಚ್ಚಿಕೊಂಡು ಕಾಗದ ನೋಡಿ ತೀರ್ಮಾನಿಸುತ್ತಾರೆ. ಪತ್ರವನ್ನೇ ಓದದ ಮುದುಕಿಗೂ ಶಿಕ್ಷೆಯಾಗುತ್ತದೆ.

ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಐದು ವರ್ಷ ಇಲ್ಲಿ ವಾಸವಾಗಿದ್ದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಸಾಮಾನ್ಯ ಜನರ ಜ್ಯೂರಿಗೂ ಕರೆ ಬರಬಹುದು. ಪೌರತ್ವ ಬೇಕಿಲ್ಲ. ನನಗೆ ಬಂದಾಗ ದೇಶ ನನ್ನನ್ನು ನಂಬಿತು ಎಂದು ಹೆಮ್ಮೆಯಿಂದಲೇ ಹೋದೆ. ಗೀತೆ ಮುಟ್ಟಿ ಪ್ರಮಾಣ ಮಾಡುತ್ತೀರೋ, ಯಾವ ಗ್ರಂಥವೂ ಬೇಡವೋ ಎಂದು ಗುಮಾಸ್ತೆ ವಿನಯದಿಂದ ಕೇಳಿದರು. ಅಲ್ಲಿಗೆ ತಲುಪುವ ಮೊದಲು ಕಾದದ್ದೇ ಹೆಚ್ಚು: ಹೊಳಪು ಹೋದ ಕುರ್ಚಿಗಳ ಹಾಲ್, ಸೋರುವ ಚಾವಣಿಯ ಕೆಳಗೆ ಹಳದಿ ಬಕೆಟ್ಟು, ನಾಣ್ಯ ನುಂಗಿ ಬಿಸಿನೀರು ಕೊಡುವ ಯಂತ್ರ. ಇಂದಿನ ವಿಚಾರಣೆ ಮುಂದಕ್ಕೆ ಹೋಗಿದೆ, ವಕೀಲರು ಸಿಗಲಿಲ್ಲ ಎಂದು ಆಗಾಗ ಬಂದು ಹೇಳುತ್ತಿದ್ದರು. ಮೊಕದ್ದಮೆ ನಡೆದ ಮೇಲೆ ಜ್ಯೂರಿಯ ಕೋಣೆಯಲ್ಲಿ ಏನಾಯಿತೆಂದು ಹೇಳುವುದು ಇಲ್ಲಿ ಅಪರಾಧ, ಹಾಗಾಗಿ ಅಲ್ಲಿಗೆ ನಿಲ್ಲಿಸುತ್ತೇನೆ. 2025ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಕ್ರೌನ್ ಕೋರ್ಟುಗಳಲ್ಲಿ ಬಾಕಿಯಿದ್ದ ಪ್ರಕರಣಗಳು 75,000 ದಾಟಿದವು. ಜೈಲುಗಳು ತುಂಬಿ, 2024ರ ಸೆಪ್ಟೆಂಬರಿನಿಂದ ಅನೇಕರನ್ನು ಶಿಕ್ಷೆಯ ಅರ್ಧದ ಬದಲು ಶೇ 40 ಮುಗಿಯುತ್ತಲೇ ಬಿಡಬೇಕಾಯಿತು. ಬಾಕಿ ಕರಗಿಸಲು ಜ್ಯೂರಿ ವಿಚಾರಣೆಗಳನ್ನೇ ಕಡಿಮೆ ಮಾಡಿ ಎಂದು ನಿವೃತ್ತ ನ್ಯಾಯಮೂರ್ತಿ ಬ್ರಯಾನ್ ಲೆವೆಸನ್ 2025ರ ಜುಲೈಯಲ್ಲಿ ಸಲಹೆ ಕೊಟ್ಟರು. ನನಗೆ ಇದು ಒಪ್ಪಿಗೆಯಿಲ್ಲ. ಚಾವಣಿ ರಿಪೇರಿ ಮಾಡಿಸಲಾರದವರು ಕೆಳಗೆ ಕೂತ ಹನ್ನೆರಡು ಜನರನ್ನು ಮನೆಗೆ ಕಳಿಸುತ್ತೇವೆ ಅನ್ನುವುದು ಯಾವ ಸೀಮೆಯ ಪರಿಹಾರ?

ಕ್ರೀಡೆಯ ಗೊಣಗಾಟ ಆರೋಗ್ಯಕರ, ನೀವು ಅಲ್ಲಿಂದಲೇ ಶುರುಮಾಡಿ. ಫುಟ್‌ಬಾಲಿನಲ್ಲಿ ಇಂಗ್ಲೆಂಡಿನ ಪುರುಷರ ತಂಡ 1966ರ ವಿಶ್ವಕಪ್ ಬಿಟ್ಟು ದೊಡ್ಡದೇನನ್ನೂ ಗೆದ್ದಿಲ್ಲ. ಮಹಿಳೆಯರು 2022 ಮತ್ತು 2025ರಲ್ಲಿ ಯುರೋ ಗೆದ್ದರು, ಅದನ್ನು ನೆನಪಿಸಿದರೆ ಕೆಲವು ಗಂಡಸರ ಮುಖ ಗಂಟಿಕ್ಕುತ್ತದೆ. ಆದ್ದರಿಂದ ತಪ್ಪದೆ ನೆನಪಿಸಿ. ಇನ್ನೊಂದು ವಿಚಿತ್ರ: ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪ್ರೀಮಿಯರ್ ಲೀಗ್ ಪಂದ್ಯವನ್ನು ನಿಮ್ಮ ತಮ್ಮ ಬೆಂಗಳೂರಿನಲ್ಲಿ ಕೂತು ನೋಡಬಹುದು, ಮೈದಾನದ ಪಕ್ಕದ ಬೀದಿಯಲ್ಲಿರುವವನು ಟಿವಿಯಲ್ಲಿ ನೋಡುವಂತಿಲ್ಲ. ಸಣ್ಣ ಕ್ಲಬ್ಬುಗಳ ಟಿಕೆಟ್ ಮಾರಾಟ ಕೆಡಬಾರದೆಂದು 1960ರ ದಶಕದಲ್ಲಿ ಬಂದ ನಿಷೇಧ ಇವತ್ತಿಗೂ ಇದೆ.

ಕ್ರಿಕೆಟ್ಟಿನ ದುಃಖ ಇನ್ನೂ ಆಳ. 2005ರ ಆಶಸ್ ಸರಣಿಯನ್ನು ಇಡೀ ದೇಶ ಹಣ ಕೊಡದೆ ನೋಡಿತು. ಮರುವರ್ಷದಿಂದ ತವರಿನ ಟೆಸ್ಟುಗಳೆಲ್ಲ ಚಂದಾ ಕಟ್ಟುವ ವಾಹಿನಿಯ ಪಾಲಾದವು. ನನ್ನ ಪಕ್ಕದ ತರಕಾರಿ ಪಾತಿಯ ಹಿರಿಯ ಇಂಗ್ಲಿಷಿನವರು ಚಂದಾ ಕಟ್ಟುವುದಿಲ್ಲ. ಬೀನ್ಸ್ ಬಳ್ಳಿಯ ಕೋಲಿಗೆ ರೇಡಿಯೊ ನೇತುಹಾಕಿ ಬಿಬಿಸಿಯ ವೀಕ್ಷಕ ವಿವರಣೆ ಕೇಳುತ್ತಾರೆ. 2025ರ ಆಗಸ್ಟ್ 4ರ ಬೆಳಗ್ಗೆ ಓವಲ್‌ನಲ್ಲಿ ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್, ಕೈಯಲ್ಲಿ ನಾಲ್ಕು ವಿಕೆಟ್. ಹಿಂದಿನ ಸಂಜೆ ಬೆಳಕು ಸಾಲದೆಂದು, ಆಮೇಲೆ ಮಳೆಯೆಂದು ಆಟ ನಿಲ್ಲಿಸಿದ ಅಂಪೈರುಗಳನ್ನು ಅವರು ಮೊದಲು ಬೈದರು. ನಮ್ಮ ಬೌಲರ್ ಪ್ರಸಿದ್ಧ್ ಕೃಷ್ಣ ಇಂಗ್ಲೆಂಡಿನ ಜೋಶ್ ಟಂಗ್ ಅವರನ್ನು ಬೌಲ್ಡ್ ಮಾಡಿದಾಗ ಇಂಗ್ಲೆಂಡಿನ ಆಯ್ಕೆದಾರರನ್ನು ಬೈದರು. ಕೀಲು ತಪ್ಪಿದ ಭುಜ ಕಟ್ಟಿಕೊಂಡು ಕ್ರಿಸ್ ವೋಕ್ಸ್ ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ಬಂದಾಗ ಮಾತ್ರ ಸುಮ್ಮನಾದರು. ಆರು ರನ್‌ಗಳಿಂದ ಭಾರತ ಗೆದ್ದಿತು, ಸರಣಿ 2–2. ನಾನು 1971ರ ಅದೇ ಓವಲ್‌ನ ಚಂದ್ರಶೇಖರ್ ನೆನಪಿದೆಯೇ ಎಂದೆ. ‘38ಕ್ಕೆ ಆರು’ ಎಂದು ಅವರೇ ಅಂಕಿ ಹೇಳಿ, ಅಂದಿನ ಬ್ಯಾಟ್ಸ್‌ಮನ್‌ಗಳನ್ನೂ ಒಂದು ಸುತ್ತು ಬೈದರು.

ನೀವು ಯಾವ ತಂಡದ ಕಡೆ ಎಂದು ಕೇಳುವವರು ಈಗಲೂ ಸಿಗುತ್ತಾರೆ. ವಲಸಿಗರ ನಿಷ್ಠೆಯನ್ನು ಕ್ರಿಕೆಟ್ಟಿನಿಂದ ಅಳೆಯಬೇಕೆಂದು 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ರಾಜಕಾರಣಿ ಹೇಳಿದ್ದರು. ಭಾರತದ ಕಡೆ ಎಂದು ನಿರ್ಭಯವಾಗಿ ಹೇಳಿ, ಜೊತೆಗೆ ಇಂಗ್ಲೆಂಡಿನ ಆಯ್ಕೆದಾರರನ್ನೂ ಬೈಯಿರಿ. ಇಲ್ಲಿ ಸಲ್ಲುವ ನಿಷ್ಠೆಯ ಪುರಾವೆ ಅದೇ.

ಕೊನೆಗೆ ಕೆಲಸದ ಮಾತು. ಸರ್ಕಾರಿ ಜಾಲತಾಣದಲ್ಲಿ ಮತದಾರರ ನೋಂದಣಿಗೆ ಹತ್ತು ನಿಮಿಷ ಸಾಕು, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ. ಪಟ್ಟಿಯಲ್ಲಿದ್ದರೆ ಸಾಲ ಕೊಡುವವರೂ ನಿಮ್ಮನ್ನು ನಂಬುತ್ತಾರೆ. ಮತದಾನ ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ, ರಜೆ ಇರುವುದಿಲ್ಲ. 2023ರಿಂದ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬೆರಳಿಗೆ ಮಸಿ ಹಾಕುವುದಿಲ್ಲ, ದಾರ ಕಟ್ಟಿದ ಗಿಡ್ಡ ಪೆನ್ಸಿಲ್ ಕೊಡುತ್ತಾರೆ. ಪೆನ್ಸಿಲ್ ಗುರುತನ್ನು ಅಳಿಸಿಬಿಟ್ಟರೆ ಎಂದು ನಿಮಗೆ ಅನುಮಾನ ಬಂದೀತು. ಸ್ವಂತ ಪೆನ್ನು ಒಯ್ದರೂ ಯಾರೂ ತಡೆಯುವುದಿಲ್ಲ, ನಾನು ಒಯ್ಯುತ್ತೇನೆ.