ಕುಡಿತ ಬಿಡಲು ಹೊರಟವರಿಗೆ ಜೊತೆಯಾಗುವ ಗುಂಪುಗಳು ಎಲ್ಲಿ ಸಿಗುತ್ತವೆ?

ನಿಮ್ಮ ಪತಿ ಕುಡಿತ ಬಿಡಲು ಒಪ್ಪಿದ್ದಾರೆ, ಜೊತೆಗೆ ನಿಲ್ಲುವವರು ಬೇಕು ಎಂದಿದ್ದೀರಿ. ಗುಂಪು ಹುಡುಕುವ ಮೊದಲು ವೈದ್ಯರನ್ನು ಕಾಣಿರಿ. ದಿನವೂ ವಿಪರೀತ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಗುಂಪುಗಳ ಪೈಕಿ ನನಗೆ ಹೆಚ್ಚು ಭರವಸೆಯಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್ ಮೇಲೆ. 1935ರಲ್ಲಿ ಅಮೆರಿಕದಲ್ಲಿ ಇದನ್ನು ಆರಂಭಿಸಿದ ಇಬ್ಬರೂ ಸ್ವತಃ ಕುಡಿತದಿಂದ ನರಳಿದವರು. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಜಾತಿ ಧರ್ಮ ಕೇಳುವುದಿಲ್ಲ, ಗುರುತು ಹೊರಬೀಳದಂತೆ ಕಾಪಾಡುತ್ತಾರೆ. ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಅಲ್ಲಿ ಮಾತನಾಡುವವರು ಅದೇ ನರಕವನ್ನು ದಾಟಿ ಬಂದವರು. ಮನೆಯವರ ಬುದ್ಧಿಮಾತು ಮುಟ್ಟದ ಕಡೆಗೆ ಅವರ ಮಾತು ಮುಟ್ಟುತ್ತದೆ. ಕನ್ನಡದಲ್ಲಿ ನಡೆಯುವ ಸಭೆ ಹತ್ತಿರದಲ್ಲಿ ಇದೆಯೇ ಎಂದು ಕೇಳಿಕೊಳ್ಳಿ. ಮೊದಲ ಸಭೆ ಹಿಡಿಸದಿದ್ದರೆ ಇನ್ನೊಂದು ಗುಂಪಿಗೆ ಹೋಗಲಿ.

ಹಳ್ಳಿಯಲ್ಲಿದ್ದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಾರ್ಯಕರ್ತರನ್ನು ಕೇಳಿ. ಆ ಯೋಜನೆಯ ಜೊತೆ ಕೆಲಸ ಮಾಡುವ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಶಿಬಿರಕ್ಕಿಂತ ಆ ನಂತರದ ಒಡನಾಟವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ನಿಮ್ಮನ್ನೂ ಮರೆಯಬೇಡಿ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಗುಂಪುಗಳಿವೆ. ಪತಿ ಸಭೆಗೆ ಹೋಗದಿದ್ದರೂ ನೀವು ಹೋಗಬಹುದು. ರಾತ್ರಿ ಹೊತ್ತು ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಉಚಿತ, ಕನ್ನಡದಲ್ಲೇ ಮಾತನಾಡಬಹುದು.