ಸಂಬಳ ಹೆಚ್ಚಿಸಿದರೂ ಕೆಲಸಗಾರರು ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಮಧ್ಯಮ ಗಾತ್ರದ ರೆಸ್ಟೋರೆಂಟ್ ಒಂದನ್ನು ನಡೆಸುತ್ತಿದ್ದೇನೆ. ಕಳೆದ ವರ್ಷ ಎಲ್ಲರ ಸಂಬಳ ಹೆಚ್ಚಿಸಿದೆ. ಆದರೂ ಬಡಿಸುವವರು ಮೂರು ನಾಲ್ಕು ತಿಂಗಳಿಗೇ ಬಿಟ್ಟುಹೋಗುತ್ತಾರೆ. ಅಡುಗೆಮನೆಯ ಹಳಬರು ಮಾತ್ರ ನಿಷ್ಠೆಯಿಂದ ಉಳಿದಿದ್ದಾರೆ. ಬಡಿಸುವವರಲ್ಲಿಯೂ ಈ ನಿಷ್ಠೆಯನ್ನು ಬೆಳೆಸುವುದು ಹೇಗೆ?
– ಹೆಸರು ತಿಳಿಸಲಿಚ್ಛಿಸದ ಓದುಗರು

ಉತ್ತರ: ಸಂಬಳ ಹೆಚ್ಚಿಸಿದ್ದು ಸರಿಯಾದ ಕ್ರಮವೇ, ಆದರೆ ಅದೊಂದರಿಂದಲೇ ಜನ ನಿಲ್ಲುತ್ತಾರೆಂಬ ನಿರೀಕ್ಷೆ ಹೆಚ್ಚಾಯಿತು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು 1959ರಲ್ಲಿ ಪ್ರಕಟಿಸಿದ ಅಧ್ಯಯನವು, ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸ್ಥಿತಿಗಳು ಕೆಟ್ಟಿದ್ದರೆ ಅಸಮಾಧಾನ ಹುಟ್ಟುತ್ತದೆಯೇ ಹೊರತು ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ, ಅದಕ್ಕೆ ಮನ್ನಣೆ, ಹೊಣೆಗಾರಿಕೆ, ಸಾಧನೆಯ ತೃಪ್ತಿ ಬೇಕು ಎಂದು ವಾದಿಸಿತು. ಅವರು ಮಾತನಾಡಿಸಿದ್ದು ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು. ದಿನವಿಡೀ ನಿಂತೇ ದುಡಿಯುವವರನ್ನಲ್ಲ. ಆದ್ದರಿಂದ ಆ ಮಾತನ್ನು ನಿಮ್ಮ ಉದ್ಯಮಕ್ಕೆ ಯಥಾವತ್ತಾಗಿ ಅನ್ವಯಿಸಲು ನಾನು ಹಿಂಜರಿಯುತ್ತೇನೆ.

ನಾನು ಮೊದಲು ನೋಡಬಯಸುವುದು ನಿಮ್ಮ ಪಾಳಿಪಟ್ಟಿಯನ್ನು. ಮಧ್ಯಾಹ್ನದ ಊಟದ ಹೊತ್ತಿಗೆ ದುಡಿಸಿ, ಮೂರು ಗಂಟೆ ಬಿಡುವು ಕೊಟ್ಟು, ರಾತ್ರಿಯೂಟಕ್ಕೆ ಮತ್ತೆ ಕರೆಸುವ ಒಡೆದ ಪಾಳಿಯಲ್ಲಿ ಆ ಮೂರು ಗಂಟೆ ನಿಮಗೂ ಇಲ್ಲ, ಅವರಿಗೂ ಇಲ್ಲ. ಮನೆಗೆ ಹೋಗಿ ಬರಲು ಸಾಲದ, ಸಂಬಳಕ್ಕೂ ಸೇರದ ಕಾಲ ಅದು. ಇಂಥ ಪಾಳಿಗಳೂ ರಜಾದಿನದ ದಟ್ಟಣೆಯೂ ಸಾಮಾನ್ಯವಾಗಿ ಹೊಸಬರ ಪಾಲಿಗೇ ಬೀಳುತ್ತವೆ. ನಾಳಿನ ಪಾಳಿ ಇಂದು ರಾತ್ರಿಯಷ್ಟೇ ತಿಳಿಯುವುದಾದರೆ, ಸಂಬಳ ಎಷ್ಟೇ ಇರಲಿ, ಅವರು ತಮ್ಮ ಬದುಕನ್ನು ಯೋಜಿಸಿಕೊಳ್ಳಲಾರರು. ಇದರ ಜೊತೆಗೆ, ಗ್ರಾಹಕರು ರೇಗಿದಾಗ ವ್ಯವಸ್ಥಾಪಕರು ಯಾರ ಪಕ್ಕ ನಿಲ್ಲುತ್ತಾರೆ ಎಂಬುದನ್ನು ಬಡಿಸುವವರು ಮೊದಲ ವಾರದಲ್ಲೇ ಗಮನಿಸಿರುತ್ತಾರೆ. ಟಿಪ್ಸ್ ಹಂಚಿಕೆಯ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕೆಂದು ಬೇರೆ ಹೇಳಬೇಕಿಲ್ಲ.

ಅಡುಗೆಮನೆಯ ಹಳಬರ ಬಗ್ಗೆಯೂ ಒಂದು ಅನುಮಾನವಿದೆ. ಸಂಸ್ಥೆಯ ಮೇಲಿನ ಬದ್ಧತೆಯನ್ನು ಮೇಯರ್ ಮತ್ತು ಆಲನ್ ಎಂಬ ಸಂಶೋಧಕರು 1991ರಲ್ಲಿ ಮೂರಾಗಿ ವಿಂಗಡಿಸಿದರು: ಮಮತೆಯಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಬಿಡುವುದು ಸರಿಯಲ್ಲವೆಂಬ ಋಣಭಾವದಿಂದ ಉಳಿಯುವುದು. ಮುಂಗಡ ಸಾಲ ತೀರದೆ, ಅಥವಾ ಈ ವಯಸ್ಸಿನಲ್ಲಿ ಬೇರೆಡೆ ಕೆಲಸ ಸಿಗದೆಂಬ ಭಯದಿಂದ ಉಳಿದವರನ್ನು ನೀವು ನಿಷ್ಠರೆಂದು ಎಣಿಸುತ್ತಿರಬಹುದು. ಬಿಟ್ಟುಹೋಗುವವರು ಕಾರಣವನ್ನು ಮರ್ಯಾದೆಗೆಂದು ಮರೆಮಾಚುತ್ತಾರೆ. ಆದ್ದರಿಂದ ಉಳಿದವರನ್ನೇ ಒಬ್ಬೊಬ್ಬರನ್ನಾಗಿ ಕೂರಿಸಿ, ಏಕೆ ಉಳಿದಿದ್ದೀರಿ ಎಂದು ಕೇಳಿ. ಅಷ್ಟರಲ್ಲಿ ಪಾಳಿಪಟ್ಟಿಯನ್ನು ಎರಡು ವಾರ ಮೊದಲೇ ಪ್ರಕಟಿಸಿ, ಒಡೆದ ಪಾಳಿಗಳನ್ನು ಹಳಬರು ಹೊಸಬರೆನ್ನದೆ ಸರದಿಯಂತೆ ಹಂಚಲು ಆರಂಭಿಸಿ.